ಬ್ಯಾರನ್ ಬಾಗಿಲಿನ ಚಿಲಕ

ಮೊನ್ನೆ ಸ್ಕ್ರೂಡ್ರೈವರ್ ಹುಡುಕುತ್ತ ಅಟ್ಟದ ಮೇಲಿನ ಟ್ರಂಕಿಗೆ ಕೈ ಹಾಕಿದೆ. ನಮ್ಮ ಮನೆಯ ಸ್ಕ್ರೂಡ್ರೈವರ್ ಬೇಕೆಂದಾಗ ಸಿಗುವ ಜಾತಿಯದ್ದಲ್ಲ. ಬೇಡದ ದಿನ ಸೌಟುಗಳ ನಡುವೆ ಹಾಯಾಗಿ ಮಲಗಿರುತ್ತದೆ. ಮೊನ್ನೆಯೂ ಸಿಗಲಿಲ್ಲ. ಕೈಗೆ ಬಂದದ್ದು ಒಂದು ತುಕ್ಕು ಹಿಡಿದ ಕಬ್ಬಿಣದ ಚಿಲಕ. ಅದಕ್ಕೊಂದು ಬಾಗಿದ ಮೊಳೆ, ಮೊಳೆಯ ತುದಿಗೆ ಕಿತ್ತುಬಂದ ಮರದ ಚೂರು. ಹಾಡುಹಗಲು, ಪಕ್ಕದಲ್ಲಿ ಕುಕ್ಕರ್ ಕೂಗುತ್ತಿದೆ, ಆದರೂ ನನ್ನ ಮೈ ಜುಮ್ಮೆಂದಿತು. ಚಿಲಕವನ್ನು ಅಲ್ಲೇ ಬಿಟ್ಟು ಏಣಿ ಇಳಿದುಬಿಟ್ಟೆ. ಆಮೇಲೆ ನನಗೇ ನಾಚಿಕೆಯಾಗಿ ಮತ್ತೆ ಹತ್ತಿ ತಂದು ಊಟದ ಮೇಜಿನ ಮೇಲಿಟ್ಟೆ.

ಅದು ನಮ್ಮ ಬ್ಯಾರನ್ನಿನ ಚಿಲಕ. ಬ್ಯಾರನ್ ಅಂದರೆ ಹೊಗೆಸೊಪ್ಪು ಬೇಯಿಸುವ ಮನೆ ಎಂದು ನಿಮಗೆ ಹೇಳಬೇಕಾಗಬಹುದು. ನನಗೂ ಹೇಳಬೇಕಾಗಿತ್ತು. ನಾನು ಕೆ.ಆರ್. ನಗರದ ಕಡೆಯ ನಾಲೆ ನೀರಿನ ಊರಿನವಳು. ನಮ್ಮಲ್ಲಿ ಭತ್ತ, ಕಬ್ಬು, ಕಾಲಿಟ್ಟಲ್ಲೆಲ್ಲ ಕೆಸರು. ಹೊಗೆಸೊಪ್ಪನ್ನು ನಾನು ಕಂಡಿದ್ದರೆ ಅಜ್ಜಿಯ ಎಲೆಯಡಿಕೆ ಚೀಲದಲ್ಲಿ, ಉಗುರಿನಷ್ಟು. ಮದುವೆಯಾಗಿ ಕಂಪಲಾಪುರದ ಹತ್ತಿರದ ಈ ಒಣಭೂಮಿಯ ಊರಿಗೆ ಬಂದಾಗ ಮನೆಮನೆಯ ಹಿಂದೂ ಒಂದೊಂದು ಎತ್ತರದ ಕಟ್ಟಡ ನಿಂತಿತ್ತು. ದಪ್ಪ ಮಣ್ಣಿನ ಗೋಡೆ, ಒಂದೇ ಬಾಗಿಲು. "ಇಷ್ಟು ದೊಡ್ಡ ಮನೆಗೆ ಕಿಟಕೀನೇ ಇಲ್ವಲ್ಲ, ಒಳಗಿರೋರು ಹೆಂಗೆ ಉಸಿರಾಡ್ತಾರೆ?" ಎಂದು ಹೊಸ ಮದುವಣಗಿತ್ತಿ ಕೇಳಿದ್ದು ಆ ಬೀದಿಗೆ ಒಂದು ವರ್ಷದ ನಗುವಿಗೆ ಸಾಕಾಯಿತು. ಆ ಪ್ರಶ್ನೆಗೆ ಉತ್ತರ ನನಗೇ ಸಿಗುವುದಿದೆ ಎಂದು ಆಗ ಯಾರಿಗೆ ಗೊತ್ತಿತ್ತು.

ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ನಿನೊಳಗೆ ಅಟ್ಟಣೆ ಅಟ್ಟಣೆಯಾಗಿ ಸೂರಿನವರೆಗೆ ನೇತುಹಾಕುತ್ತಾರೆ. ಹೊರಗಿನ ಒಲೆಯಲ್ಲಿ ಸೌದೆ ಉರಿಯುತ್ತದೆ. ಅದರ ಬಿಸಿ ಒಳಗೆ ನೆಲದುದ್ದ ಹಾಯಿಸಿದ ತಗಡಿನ ಕೊಳವೆಗಳಲ್ಲಿ ಓಡಾಡಿ ಎಲೆಯನ್ನು ಹಳದಿ ಮಾಡಿ ಒಣಗಿಸುತ್ತದೆ. ಬೆಂಕಿ ಆರಿಸಿದ ದಿನ ಎಲೆ ಹಪ್ಪಳದಂತಿರುತ್ತದೆ, ಮುಟ್ಟಿದರೆ ಪುಡಿ. ಅದಕ್ಕೇ ಸಂಜೆ ಬಾಗಿಲು ತೆರೆದಿಟ್ಟು, ಮಳೆಗಾಲದ ತೇವ ಒಳಗೆ ಹೋಗಿ ಎಲೆ ಮೆತ್ತಗಾಗುವವರೆಗೆ ಕಾಯಬೇಕು. ನಮ್ಮತ್ತೆ ಈ ಬಿಸಿಯನ್ನೂ ವ್ಯರ್ಥ ಮಾಡುವವರಲ್ಲ. ಹೊರಗೆ ಜಿಟಿಜಿಟಿ ಮಳೆ ಇರುತ್ತಿದ್ದುದರಿಂದ ಒಗೆದ ಬಟ್ಟೆಯನ್ನು ತಂದು ಆರುತ್ತಿರುವ ಕೊಳವೆಗಳ ಮೇಲೆ ಹರಡುತ್ತಿದ್ದರು. ಆ ನಾಲ್ಕು ತಿಂಗಳು ನಮ್ಮ ಮನೆಯವರೆಲ್ಲ ಹೊಗೆಸೊಪ್ಪಿನ ವಾಸನೆ ಹೊತ್ತೇ ಮದುವೆ ಮುಂಜಿಗಳಿಗೆ ಹೋಗುತ್ತಿದ್ದೆವು.

ಇನ್ನು ದೆವ್ವದ ವಿಚಾರಕ್ಕೆ ಬರುತ್ತೇನೆ. ಬೇಕೆಂದೇ ತಡ ಮಾಡುತ್ತಿದ್ದೇನೆ ಅಂದುಕೊಂಡರೂ ಸರಿ.

ನಮ್ಮ ಮಾವ ಊರಿನ ಶಾಲೆಯಲ್ಲಿ ಮೇಷ್ಟರಾಗಿದ್ದು ನಿವೃತ್ತಿಯಾದವರು. ಶಾಲೆಯ ಕಪಾಟಿನಲ್ಲಿದ್ದ ಒಂದು ಹಳೆಯ ಪುಸ್ತಕದ ದೆವ್ವದ ಕತೆ ಅವರ ಬಾಯಲ್ಲಿ ಹರಿದಾಡಿ ಹರಿದಾಡಿ ಈ ಮನೆಯದೇ ಆಗಿಹೋಗಿತ್ತು. ಕಾಡಿನ ನಡುವೆ ಒಂದು ಬಂಗಲೆ. ಅದರ ಕಾವಲುಗಾರನ ಹೆಂಡತಿ ತೀರಿಕೊಂಡಿದ್ದಾಳೆ. ದಿನಾ ದೀಪ ಹಚ್ಚುವ ಹೊತ್ತಿಗೆ ಹೊರಗಿನಿಂದ ಅವಳ ದನಿ: "ರೀ... ಬಾಗಿಲು ತೆಗೀರಿ." ಒಂದೇ ಸಲ. ಅವನು ಬಾಗಿಲು ತೆಗೆಯುವುದಿಲ್ಲ. ಹಾಗೇ ವರ್ಷಗಳು ಕಳೆಯುತ್ತವೆ. ಮಾವ ಅದನ್ನು ಹೇಳುವಾಗ ಆ "ರೀ" ಅನ್ನುವುದನ್ನು ಎಳೆದು, ಬಾಗಿಲ ಕಡೆ ನೋಡಿ ಸುಮ್ಮನಾಗುತ್ತಿದ್ದರು. ಕತೆ ಗೊತ್ತಿದ್ದವರೂ ಬಾಗಿಲ ಕಡೆ ತಿರುಗುತ್ತಿದ್ದೆವು.

ಈ ಕತೆಯಿಂದ, ಅದಕ್ಕಿಂತ ಹಳೆಯ ನಂಬಿಕೆಯಿಂದ, ಮನೆಯಲ್ಲೊಂದು ಕಟ್ಟಳೆ ಇತ್ತು. ಮುಸ್ಸಂಜೆಯಲ್ಲಿ ಯಾರಾದರೂ ಹೊರಗಿನಿಂದ ಕರೆದರೆ ಮೊದಲ ಕರೆಗೆ ಓಗೊಡಬಾರದು. ದೆವ್ವ ಒಂದೇ ಸಲ ಕರೆಯುತ್ತದೆ. ಮನುಷ್ಯರಾದರೆ ಬೈದುಕೊಂಡು ಮತ್ತೆ ಮತ್ತೆ ಕೂಗುತ್ತಾರೆ. ಲೆಕ್ಕ ಸರಿಯಾಗಿತ್ತು. ಹಾಲಿನವನಿಂದ ಹಿಡಿದು ಹುಣಸೂರಿನಿಂದ ಬಂದ ನೆಂಟರವರೆಗೆ ಎಲ್ಲರೂ ನಮ್ಮ ಬಾಗಿಲಲ್ಲಿ ಮೂರು ಸಲ ಗಂಟಲು ಹರಿದುಕೊಂಡ ಮೇಲೇ ಒಳಗೆ ಬರುತ್ತಿದ್ದರು.

ಆ ಕತೆಯನ್ನು ಟಿ.ವಿ.ಯವರು ಸಿನಿಮಾ ಮಾಡಿದ್ದಾರೆ, ಭಾನುವಾರ ಸಂಜೆ ಹಾಕುತ್ತಾರೆ ಎಂಬ ಸುದ್ದಿ ತಂದವರು ಮಾವನೇ. ತಮ್ಮ ಕತೆಯನ್ನೇ ತೆಗೆದಿದ್ದಾರೆ ಅನ್ನುವ ಹಾಗೆ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು. ಬೀದಿಗಿದ್ದದ್ದು ನನ್ನ ತವರಿನಿಂದ ಬಂದ ಒಂದೇ ಕಪ್ಪುಬಿಳುಪು ಟಿ.ವಿ. ಮಧ್ಯಾಹ್ನದಿಂದಲೇ ಪಡಸಾಲೆಯಲ್ಲಿ ಚಾಪೆ ಹಾಸಿಯಾಗಿತ್ತು. ನಾನೂ ಒಂದು ಮೂಲೆ ಹಿಡಿದು ಕೂತೆ. ಅತ್ತೆ ನನ್ನನ್ನು ನೋಡಿದರು, ನನ್ನ ಹೊಟ್ಟೆಯನ್ನು ನೋಡಿದರು. ಆಗ ನನಗೆ ಏಳು ತಿಂಗಳು.

"ಏಳವ್ವಾ ಮ್ಯಾಕೆ. ಬಸುರಿ ಹೆಂಗ್ಸು ದೆವ್ವದ್ದೆಲ್ಲ ನೋಡ್ಬಾರ್ದು ಕಣ್ ಮಗಾ. ಮಗೀಗೆ ಸೋಕ್ಬುಡ್ತದೆ."

"ಅತ್ತೇ, ಅದು ಬರೀ ಸಿನಿಮಾ ಅಲ್ವಾ?"

"ಸಿನಿಮಾನೋ ಎಂಥದೋ. ಅಡಿಗೆಮನೆಗೋಗಿ ಅವರೇಕಾಯಿ ಸುಲ್ಕೊಂಡು ಕೂತ್ಕೊ."

ನನ್ನದೇ ಟಿ.ವಿ., ನನಗೇ ಅಡಿಗೆಮನೆ. ಯಜಮಾನರ ಕಡೆ ನೋಡಿದೆ. ಅವರು ಆಂಟೆನಾ ತಿರುಗಿಸುವ ನೆಪದಲ್ಲಿ ಹೊರಗೆ ಹೊರಟೇಬಿಟ್ಟರು.

ನೋಡಬಾರದು ಅಂದರು, ಕೇಳಬಾರದು ಅನ್ನಲಿಲ್ಲ. ಆದರೆ ದೆವ್ವದ ಸಿನಿಮಾವನ್ನು ನೋಡುವುದಕ್ಕಿಂತ ಬರೀ ಕೇಳುವುದು ಎಷ್ಟು ಘೋರ ಎಂದು ಅವತ್ತು ತಿಳಿಯಿತು. ನೋಡುವವರಿಗೆ ಪರದೆಯ ಮೇಲಿನ ಬಂಗಲೆ ರಟ್ಟಿನದೆಂದು ಕಾಣುತ್ತದೆ, ನಟನ ಮೀಸೆ ಅಂಟಿಸಿದ್ದೆಂದು ಕಾಣುತ್ತದೆ. ಕೇಳುವವಳಿಗೆ ಏನೂ ಕಾಣುವುದಿಲ್ಲ. ಗಾಳಿ ಬೀಸಿದ ಸದ್ದಾದರೆ ಅದು ನಮ್ಮ ಹಿತ್ತಲಿನದೇ ಗಾಳಿ. ಬಾಗಿಲು ಕಿರುಗುಟ್ಟಿದರೆ ನನ್ನ ಬೆನ್ನ ಹಿಂದಿನ ಬಾಗಿಲೇ. ಆಮೇಲೆ ಆ ದನಿ ಬಂತು. ಸಣ್ಣಗೆ, ನೆಲದೊಳಗಿನಿಂದ ಬಂದ ಹಾಗೆ. "ರೀ... ಬಾಗಿಲು ತೆಗೀರಿ." ಅಷ್ಟರಲ್ಲಿ ಮತ್ತೆ "ರೀ..." ಅಂತು. ಮತ್ತೂ ಒಂದು ಸಲ.

"ಅಯ್ಯೋ, ಇದೇನ್ರಯ್ಯಾ ಇದು!" ಎಂದರು ಮಾವ. "ದೆವ್ವ ಒಂದೇ ಸಲ ಕರಿಯೋದು. ಕತೇಲಿ ಅಂಗಿಲ್ಲ."

"ಟಿ.ವಿ. ದೆವ್ವ ಮೇಷ್ಟ್ರೇ, ಅದ್ಕೆ ನಿಮ್ ಪುಸ್ತಕ ಗೊತ್ತಾ?" ಎಂದು ಪಕ್ಕದ ಮನೆಯ ಸಣ್ಣಮ್ಮ ಅಂದಳು. ಯಾರೂ ನಗಲಿಲ್ಲ. ನಾವು ಇಷ್ಟು ವರ್ಷ ನಂಬಿಕೊಂಡು ಬಂದ ಒಂದೇ ಒಂದು ಗುರುತನ್ನು ಆ ಟಿ.ವಿ. ದೆವ್ವ ಅಳಿಸಿಹಾಕಿತ್ತು. ಇನ್ನು ಹೊರಗಿನಿಂದ ಕೂಗುವವರು ಮನುಷ್ಯರೋ ಅಲ್ಲವೋ ತಿಳಿಯುವುದಾದರೂ ಹೇಗೆ?

ನನಗೆ ಆ ದನಿಯನ್ನು ಇನ್ನೊಂದು ಸಲ ಕೇಳಲು ಧೈರ್ಯವಿರಲಿಲ್ಲ. ಅವರೇಕಾಯಿ ಅಲ್ಲೇ ಬಿಟ್ಟು, ಕೊಳವೆಗಳ ಮೇಲಿನ ಬಟ್ಟೆಯನ್ನಾದರೂ ತರೋಣವೆಂದು ಹಿತ್ತಲಿಗೆ ಹೋದೆ. ಬ್ಯಾರನ್ನಿನ ಬೆಂಕಿಯನ್ನು ಅವತ್ತು ಬೆಳಿಗ್ಗೆಯಷ್ಟೇ ಆರಿಸಿದ್ದರು. ಬಾಗಿಲು ಹಾರುಹೊಡೆದುಕೊಂಡಿತ್ತು. ಒಳಗೆ ಬೆಚ್ಚಗಿತ್ತು, ಟಿ.ವಿ. ಸದ್ದು ಕ್ಷೀಣವಾಗಿತ್ತು. ಅಬ್ಬ ಎಂದುಕೊಂಡು ದೂರದ ಮೂಲೆಗೆ ಹೋಗಿ, ಕಷ್ಟಪಟ್ಟು ಬಗ್ಗಿ, ಒಂದೊಂದೇ ಬಟ್ಟೆ ಎತ್ತಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಕತ್ತಲಾಯಿತು. ಹಿಂದೆಯೇ "ಠಣ್" ಎಂದು ಕಬ್ಬಿಣದ ಸದ್ದು. ಯಾರೋ ಓಡಿದ ಸದ್ದು.

ಆಗಿದ್ದಿಷ್ಟು. ಸಿನಿಮಾದ ನಡುವೆ ಜಾಹೀರಾತು ಬಂದಿತ್ತು. ಅತ್ತೆ ಕೋಳಿಗಳನ್ನು ಮಂಕರಿಯಡಿ ಮುಚ್ಚಲು ಹೊರಗೆ ಬಂದಿದ್ದರು. ಬಾಯಿ ತೆರೆದು ನಿಂತ ಬ್ಯಾರನ್ನಿನ ಕಪ್ಪು ಬಾಗಿಲು ಕಣ್ಣಿಗೆ ಬಿದ್ದು ಎದೆ ಝಲ್ಲೆಂದು, ಎಲೆ ಹದವಾಗುವುದಿರಲಿ ಎಂದುಕೊಂಡು, ಕಣ್ಣು ಮುಚ್ಚಿ ಬಾಗಿಲೆಳೆದು ಚಿಲಕ ಹಾಕಿ ಒಳಗೆ ಓಡಿದ್ದರು. ನಾನು ಅಡಿಗೆಮನೆಯಲ್ಲಿದ್ದೇನೆ ಎಂದೇ ಅವರ ಎಣಿಕೆ. ನನಗೆ ಇದೊಂದೂ ಗೊತ್ತಿರಲಿಲ್ಲ. ಯಾವುದೋ ಕೈ ನನ್ನನ್ನು ಒಳಗಿಟ್ಟು ಮುಚ್ಚಿತು ಅನ್ನುವುದಷ್ಟೇ ಗೊತ್ತಿತ್ತು. ಕೂಗಲು ಬಾಯಿ ತೆರೆದರೆ ದನಿಯೇ ಇಲ್ಲ.

ಬ್ಯಾರನ್ನಿನೊಳಗಿನ ಕತ್ತಲು ಬೇರೆ ಥರ. ಅದಕ್ಕೆ ತಲೆಯ ಮೇಲೂ ಭಾರವಿದೆ. ಸೂರಿನವರೆಗೆ ನೇತಾಡುವ ಸಾವಿರಾರು ಒಣ ಎಲೆಗಳು ಒಂದಕ್ಕೊಂದು ತಾಗಿ ಸರಸರ ಎನ್ನುತ್ತಿದ್ದವು. ನಾನು ಅಲುಗಾಡದೆ ನಿಂತರೂ ಎನ್ನುತ್ತಿದ್ದವು. ಆರುತ್ತಿರುವ ತಗಡಿನ ಕೊಳವೆ ಆಗಾಗ "ಟಕ್" ಎನ್ನುತ್ತಿತ್ತು, ಒಮ್ಮೆ ಕಾಲ ಬಳಿ, ಒಮ್ಮೆ ಬೆನ್ನ ಹಿಂದೆ. ತಡಕಾಡಿ ಬಾಗಿಲು ಮುಟ್ಟಿ ಬಡಿಯಲು ಕೈ ಎತ್ತಿದೆ. ಎತ್ತಿದ ಕೈ ನಿಂತುಬಿಟ್ಟಿತು. ಬಾಗಿಲು ಬಡಿದರೆ ಅಟ್ಟಣೆ ಅದುರಿ ಎಲೆಯೆಲ್ಲ ಪುಡಿಯಾಗುತ್ತದೆ, ಅತ್ತೆ ಬೈಯುತ್ತಾರೆ! ಪ್ರಾಣ ಹೋಗುವ ಹೊತ್ತಿನಲ್ಲೂ ಸೊಸೆಯಾದವಳ ಬುದ್ಧಿ ಎಲ್ಲಿ ಓಡುತ್ತದೆ ನೋಡಿ.

ಹೊಗೆಸೊಪ್ಪಿನ ಘಾಟು ಗಂಟಲಿಗೆ ಇಳಿಯತೊಡಗಿತು. ಬೆವರು ಧಾರಾಕಾರ. ತಲೆ ಗಿರ್ ಎನ್ನುತ್ತಿತ್ತು. ಸಂಜೆಯಿಂದ ಹೊಟ್ಟೆಯಲ್ಲಿ ಒದೆಯುತ್ತಿದ್ದ ಮಗು ಸುಮ್ಮನಾಗಿತ್ತು. ಅಲ್ಲಿಯವರೆಗೆ ನನಗಿದ್ದದ್ದು ದೆವ್ವದ ಭಯ. ಮಗು ಸುಮ್ಮನಾಯಿತೆಂದು ಹೊಳೆದಾಗ ಆದ ಭಯದ ಮುಂದೆ ಅದು ಏನೂ ಅಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟು ಕಾದೆ. ಒಂದು ಸಣ್ಣ ಮಿಸುಕಾಟವೂ ಇಲ್ಲ. ಕಿಟಕಿಯಿಲ್ಲದ ಮನೆಯಲ್ಲಿ ಹೇಗೆ ಉಸಿರಾಡುತ್ತಾರೆ ಎಂದು ಕೇಳಿದ್ದೆನಲ್ಲ, ಉಸಿರಾಡುವುದಿಲ್ಲ ಎಂದು ಗೊತ್ತಾಯಿತು.

ಗೋಡೆಯ ಬುಡದಲ್ಲಿ ಗಾಳಿ ಹೋಗಲು ಸಣ್ಣ ಕಿಂಡಿಗಳಿರುತ್ತವೆ. ನೆಲದ ಮೇಲೆ ಕೂತು ಒಂದರ ಮುಂದೆ ಮುಖವಿಟ್ಟೆ. ಮಳೆಯ ತಂಪು ತಾಗಿತು. ಮನೆಯ ಕಡೆಯಿಂದ ಟಿ.ವಿ.ಯ ಸದ್ದು ಬರುತ್ತಿತ್ತು, ಇದ್ದಕ್ಕಿದ್ದಂತೆ ನಿಂತಿತು. ಕರೆಂಟು ಹೋಗಿತ್ತು. ಇಡೀ ಊರೇ ಮೌನವಾಯಿತು. ಸದ್ಯ, ಇನ್ನು ನಾನು ಕೂಗಿದರೆ ಕೇಳುತ್ತದೆ ಎಂದುಕೊಂಡು, ಬತ್ತಿದ ಗಂಟಲಿನಿಂದ ಇದ್ದಷ್ಟು ದನಿ ಎಳೆದು ಕೂಗಿದೆ.

"ರೀ... ಬಾಗಿಲು ತೆಗೀರಿ."

ಉತ್ತರವಿಲ್ಲ. ಮತ್ತೆ ಕೂಗಿದೆ. ದನಿ ಕಿಂಡಿಯ ಮೂಲಕ ನೆಲಕ್ಕೆ ತಾಗಿ, ಸಣ್ಣಗೆ, ಎಳೆದುಕೊಂಡು ಹೋಯಿತು. ಅದನ್ನು ನಾನು ಎಲ್ಲೋ ಕೇಳಿದ್ದೆ. ಎಲ್ಲಿ ಎಂದು ನೆನಪಾದಾಗ ನನ್ನ ದನಿಗೆ ನಾನೇ ಹೆದರಿಬಿಟ್ಟೆ. ಅದೇ ಮಾತು, ಅದೇ ಹೊತ್ತು, ಅದೇ "ರೀ". ಕಟ್ಟಳೆಯ ಪ್ರಕಾರ ಮತ್ತೆ ಮತ್ತೆ ಕೂಗಿದರೆ ಮನುಷ್ಯಳೆಂದು ತಿಳಿಯಬೇಕಿತ್ತು. ಆ ಕಟ್ಟಳೆ ಅರ್ಧ ಗಂಟೆಯ ಹಿಂದಷ್ಟೇ ಮುರಿದುಬಿದ್ದಿದೆ. ಈಗ ನಾನು ಹೆಚ್ಚು ಕೂಗಿದಷ್ಟೂ ಹೆಚ್ಚು ದೆವ್ವವಾಗುತ್ತೇನೆ. ತಲೆ ಸುತ್ತಿನಲ್ಲಿ ಒಂದು ಗಳಿಗೆ, ನಾನು ನಿಜವಾಗಿಯೂ ಸತ್ತೇಹೋಗಿದ್ದೇನೋ, ನನಗೆ ಮಾತ್ರ ಇನ್ನೂ ಗೊತ್ತಾಗಿಲ್ಲವೋ ಅನ್ನಿಸಿತು.

ಒಳಗೆ ಪಡಸಾಲೆಯಲ್ಲಿ ಏನಾಗಿತ್ತೆಂದು ಆಮೇಲೆ ಸಣ್ಣಮ್ಮ ಹೇಳಿದಳು. ಕತ್ತಲಲ್ಲಿ ನನ್ನ ಮೊದಲ ಕೂಗು ಕೇಳಿದಾಗ, ಕರೆಂಟಿಲ್ಲದ ಟಿ.ವಿ.ಯೇ ಮಾತಾಡಿತೆಂದು ಎಲ್ಲರೂ ಅದರಿಂದ ದೂರ ಸರಿದರಂತೆ. ಎರಡನೆಯದಕ್ಕೆ ನಮ್ಮ ಯಜಮಾನರು ಅರ್ಧ ಎದ್ದರಂತೆ. "ಕೂತ್ಕೊಳ್ಲಾ! ಓಗೊಟ್ಟೀಯ! ನಿನ್ನೆಂಡ್ತಿ ಅಡಿಗೆಮನೇಲವ್ಳೆ," ಎಂದು ಅತ್ತೆ ಅವರ ಪಂಚೆ ಹಿಡಿದು ಕೂರಿಸಿದರಂತೆ. ಮಾವ ಅಡಿಗೆಮನೆಯ ಕಡೆ ತಿರುಗಿ ನನ್ನನ್ನು ಕರೆದರು. ಅಲ್ಲಿಂದ ಉತ್ತರ ಬರಲಿಲ್ಲ. ಆ ಕತ್ತಲ ಅಡಿಗೆಮನೆಗೆ ಹೋಗಿ ನೋಡುವ ಗಂಡಸು ಆ ಬೀದಿಯಲ್ಲಿ ಹುಟ್ಟಿರಲಿಲ್ಲ.

ನನಗೆ ಉಳಿದಿದ್ದದ್ದು ಒಂದೇ ದಾರಿ. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಮದುವೆಯ ದಿನ ಹೆಸರು ಹೇಳಿಸುವ ಶಾಸ್ತ್ರದಲ್ಲಿ ಕೂಡ ನಾನು ಸೆರಗು ಕಚ್ಚಿಕೊಂಡು ಗುಣುಗುಟ್ಟಿದ್ದೆ, ಯಾರಿಗೂ ಕೇಳಿಸಿರಲಿಲ್ಲ. ಹೆಸರು ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆ ಎನ್ನುತ್ತಿದ್ದರು. ಸಿನಿಮಾದ ದೆವ್ವ ಕೂಡ, ಸತ್ತಮೇಲೂ ಆ ಮರ್ಯಾದೆ ಮೀರಿರಲಿಲ್ಲ. ಆಯಸ್ಸು ಕಡಿಮೆಯಾದರೆ ಆಗಲಿ, ಇಲ್ಲಿ ಎರಡು ಜೀವವಿದೆ ಎಂದುಕೊಂಡೆ. ಕಿಂಡಿಗೆ ಬಾಯಿಟ್ಟು, ನಮ್ಮ ಯಜಮಾನರ ಹೆಸರನ್ನು, ಅದರ ಮುಂದಿನ ಅವರ ಅಜ್ಜನ ಹೆಸರು, ಹಿಂದಿನ ಗೌಡ ಸಮೇತ, ಊರಿಗೆ ಊರೇ ಕೇಳುವ ಹಾಗೆ ಕೂಗಿದೆ. ಇಲ್ಲಿ ಬರೆಯುವುದಿಲ್ಲ. ಒಂದು ಸಲ ಹೇಳಿದ್ದೇ ಸಾಕು.

ಚಿಲಕದ ಸದ್ದಾಯಿತು. ಬಾಗಿಲು ತೆರೆಯಿತು. ಎದ್ದು ನಿಲ್ಲುವಷ್ಟರಲ್ಲಿ ಮುಖಕ್ಕೆ ಪೊರಕೆಯ ಏಟು ಬಿತ್ತು.

ಅತ್ತೆ! ಒಂದು ಕೈಯಲ್ಲಿ ಪೊರಕೆ, ಇನ್ನೊಂದರಲ್ಲಿ ಲಾಟೀನು. ಗಡಗಡ ನಡುಗುತ್ತಿದ್ದರು. ಲಾಟೀನನ್ನು ಬಗ್ಗಿಸಿ ಮೊದಲು ನನ್ನ ಪಾದ ನೋಡಿದರು. ಪಾದ ಮುಂದಕ್ಕೇ ಇದ್ದವು. ಆಮೇಲೆ ಮುಖ ನೋಡಿದರು. ಪೊರಕೆ ಎಸೆದು ನನ್ನನ್ನು ಬಾಚಿ ತಬ್ಬಿಕೊಂಡರು.

"ನಾನೇ ಕಣವ್ವಾ ಚಿಲ್ಕ ಹಾಕ್ದೋಳು. ನನ್ ಕೈ ಸೇದೋಗ. ನನ್ ಕೈ ಸೇದೋಗ," ಎಂದು ಅಳುತ್ತಿದ್ದರು. ಹಾಗೆ ತಬ್ಬಿಕೊಂಡಿದ್ದಾಗಲೇ ಹೊಟ್ಟೆಯೊಳಗಿನಿಂದ ಒಂದು ಒದೆ ಬಂತು. ಅದು ಅವರಿಗೂ ತಾಗಿತು. ಇಬ್ಬರೂ ಅಲ್ಲೇ ಕೆಸರಿನಲ್ಲಿ ಕೂತುಬಿಟ್ಟೆವು.

ಮಾರನೆಯ ಬೆಳಿಗ್ಗೆ ನಾನೇಳುವ ಹೊತ್ತಿಗೆ ಅತ್ತೆ ಹಾರೆಯಿಂದ ಆ ಚಿಲಕವನ್ನು ಮೀಟಿ ಕಿತ್ತು ಹಾಕಿದ್ದರು. ಅಲ್ಲಿಂದ ಮುಂದೆ ಆ ಬಾಗಿಲಿಗೆ ಹಗ್ಗವೇ ಗತಿ, ಒಳಗಿನಿಂದ ತಳ್ಳಿದರೂ ಬಿಚ್ಚುವಂತೆ. ಸಿನಿಮಾದ ಕೊನೆ ನಾವ್ಯಾರೂ ನೋಡಲಿಲ್ಲ. ಕರೆಂಟಿದ್ದ ಪಕ್ಕದೂರಿನವರು, ಅವನು ಬಾಗಿಲು ತೆಗೆದ, ದೆವ್ವ ಎಳೆದುಕೊಂಡು ಹೋಯಿತು ಎಂದರು. ಮಾವ ಒಪ್ಪಲಿಲ್ಲ. "ಪುಸ್ತಕದಲ್ಲಿ ಅಂಗಿಲ್ಲ ಕಣಮ್ಮಾ. ಒಂದಿನ ಆ ದನಿ ಬರೋದು ನಿಂತೋಯ್ತದೆ. ಆಗ ಅವನೇ ಎದ್ದು ಬಾಗ್ಲು ತಗ್ದು, ಯಾಕೆ ಬರ್ಲಿಲ್ಲ ಅಂತ ಹುಡಿಕ್ಕೊಂಡು ಹೋಯ್ತಾನೆ. ಅದನ್ನ ಬುಟ್ಟು ಏನೇನೋ ತೋರ್ಸವ್ರೆ."

ನಾನು ಗಂಡನ ಹೆಸರು ಕೂಗಿ ಬದುಕಿಕೊಂಡ ಕತೆ ಮಾತ್ರ ಊರಲ್ಲಿ ನಿಂತಿತು. ಅತ್ತೆಯೇ ಅದನ್ನು ನೆಂಟರಿಗೆಲ್ಲ ಹೇಳಿ ನಗಿಸುತ್ತಿದ್ದರು. "ದೆವ್ವ ಆಗಿದ್ರೆ ಗಂಡನ್ ಹೆಸ್ರು ಕೂಗೋದಾ? ಅಷ್ಟು ನಾಚ್ಕೆಗೆಟ್ಟೋಳು ಅಂದ್ರೆ ನಮ್ ಸೊಸೇನೇ ಸೈ ಅಂತ ಪೊರಕೆ ತಕ್ಕೊಂಡು ಓಡ್ದೆ," ಎನ್ನುತ್ತಿದ್ದರು. ನಾನೂ ಹಾಗೆಂದೇ ನಂಬಿದ್ದೆ. ನನ್ನ ಬುದ್ಧಿವಂತಿಕೆ ನನ್ನನ್ನು ಉಳಿಸಿತು ಎಂದು ಒಳಗೊಳಗೇ ಜಂಬವೂ ಇತ್ತು. ಅತ್ತೆ ತೀರಿಕೊಂಡ ಮೇಲೂ ಮಗಳಿಗೆ ಈ ಕತೆಯನ್ನು ಹಾಗೇ ಹೇಳುತ್ತಿದ್ದೆ.

ಮೊನ್ನೆ ಯಜಮಾನರು ಊಟಕ್ಕೆ ಕೂತವರು ಚಿಲಕ ನೋಡಿ ಕೈಗೆತ್ತಿಕೊಂಡರು. ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು.

"ಅವ್ವ ನೀನು ಹೆಸ್ರು ಕೂಗಿದ್ದಕ್ಕೆ ಬರ್ಲಿಲ್ಲ ಕಣೆ," ಎಂದರು.

"ಮತ್ತೆ?"

"ನೀನು ಹೆಸ್ರು ಕೂಗೋ ಹೊತ್ಗೆ ಅವ್ವ ಹಿತ್ಲು ಬಾಗ್ಲು ದಾಟಿ ಆಗಿತ್ತು. ನನ್ನ ಕೂರಿಸ್ತಲ್ಲ, ಆಮೇಲೆ ತಾನೇ ಎದ್ದು ಲಾಟೀನು ಹಚ್ಕೊಂತು. ನಾನು ಬತ್ತೀನಿ ಅಂದೆ. ನೀನು ಬರ್ಬ್ಯಾಡ, ನಿನ್ನೇ ಕರೀತಾ ಇರೋದು ಅಂತು."

"ನಾನೇ ಅಂತ ಅವರಿಗೆ ಹೆಂಗೆ ಗೊತ್ತಾಯ್ತು?"

"ಎಲ್ಲಿ ಗೊತ್ತಾಗಿತ್ತು? ದೆವ್ವ ಅಂತ್ಲೇ ಹೋಗಿದ್ದು ಅದು." ಅವರು ಚಿಲಕವನ್ನು ಮೇಜಿನ ಮೇಲಿಟ್ಟರು. "'ಏನಾರ ಆಗ್ಲಿ, ನಮ್ ಮನೆ ಹೆಣ್ಮಗೀನ ದನೀಲಿ ಕರೀತಾ ಅದೆ, ಕೇಳ್ಕೊಂಡು ಕೂತಿರಕ್ಕಾಗಲ್ಲ ನನ್ ಕೈಲಿ' ಅಂತ ಹೋಯ್ತು. ನಿಂಗೆ ಹೇಳ್ಬ್ಯಾಡಿ ಅಂತ ಎಲ್ರಿಗೂ ಅಂದಿತ್ತು. ಬಾಗ್ಲು ತೆಗೆಯೋವರ್ಗೂ ದೆವ್ವ ಅಂತ್ಲೇ ಅನ್ಕೊಂಡಿದ್ದೆ ಅಂತ ಗೊತ್ತಾದ್ರೆ ಬಸುರಿ ಹೆದರ್ಕೊತಾಳೆ ಅಂತ."

ನಾನು ಅನ್ನ ಬಡಿಸುವುದನ್ನು ನಿಲ್ಲಿಸಿ ಅಲ್ಲೇ ಕೂತೆ. ಹಲ್ಲಿ ಲೊಚಗುಟ್ಟಿದರೆ ಬೆಚ್ಚುತ್ತಿದ್ದ ಹೆಂಗಸು, ತೆರೆದ ಬಾಗಿಲು ನೋಡಿ ಕಣ್ಣು ಮುಚ್ಚಿ ಓಡಿದ್ದ ಹೆಂಗಸು, ಅದೇ ಬಾಗಿಲ ಹಿಂದೆ ದೆವ್ವವೇ ಇದೆ ಎಂದು ನಂಬಿಕೊಂಡು, ಒಬ್ಬರೇ ಬಂದು ಚಿಲಕ ತೆಗೆದಿದ್ದರು. ನಾನು ಅವತ್ತು ನಡುಗಿದ್ದು ಏನೂ ಅಲ್ಲ.

ಬ್ಯಾರನ್ ಈಗಲೂ ಹಿತ್ತಲಿನಲ್ಲಿದೆ. ಮುಸ್ಸಂಜೆಯಲ್ಲಿ ಅದರ ಕಡೆ ನೋಡಲು ನನಗೆ ಇವತ್ತಿಗೂ ಭಯವೇ, ಸುಳ್ಳು ಹೇಳುವುದಿಲ್ಲ. ಆದರೆ ಮೊನ್ನೆಯಿಂದ ದೀಪ ಹಚ್ಚುವ ಹೊತ್ತಿಗೆ ಹಿತ್ತಲ ಬಾಗಿಲನ್ನು ಸ್ವಲ್ಪ ತೆರೆದೇ ಇಡುತ್ತಿದ್ದೇನೆ. ಅತ್ತೆಯ ದನಿಯಲ್ಲಿ ಯಾರಾದರೂ ಕರೆದರೆ ಒಂದನೆಯ ಸಲಕ್ಕೇ ಓಗೊಡುತ್ತೇನೆ. ಪೊರಕೆ ಹಿಡಿದುಕೊಂಡೇ ಹೋಗುತ್ತೇನೆ, ಅದನ್ನೂ ಅವರೇ ಕಲಿಸಿದ್ದು.